ಎಂಜಿನ್ ಕೈಕೊಟ್ಟ ಮೇಲೆ ಮತ್ತೆ ಟ್ಯೂನಿಂಗ್‌ಗೆ ಕೈ ಹಾಕುವುದು ಹೇಗೆ?

ಕಂಪನಿಯಿಂದ ಬಂದ ಹಾಗೇ ಇದ್ದ ಎಂಜಿನ್ ಹಾಳಾದರೆ ಬೇಜಾರಾಗುತ್ತದೆ, ಅಷ್ಟೆ. ನಾವೇ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಕಟ್ ಮಾಡಿಸಿ, ಪೋರ್ಟ್ (ಗಾಳಿ, ಹೊಗೆ ಓಡಾಡುವ ದಾರಿ) ಉಜ್ಜಿ, ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ತಿರುಪು) ಬದಲಿಸಿ ಕಟ್ಟಿದ ಎಂಜಿನ್ ಹಾಳಾದರೆ ಕೈಯೇ ಓಡುವುದಿಲ್ಲ. ಆಮೇಲೆ ಯಾರದೋ ಬೈಕಿನ ಟ್ಯಾಪೆಟ್ ಸೆಟ್ ಮಾಡುವಾಗಲೂ ಅನುಮಾನ ಬರುತ್ತದೆ. ದಾವಣಗೆರೆಯ ಗ್ಯಾರೇಜುಗಳಲ್ಲಿ ಒಳ್ಳೆ ಕೈಗುಣ ಇರುವ ಹುಡುಗರು ಒಂದು ಪಿಸ್ಟನ್ ಕರಗಿತು ಅಂತ ಟ್ಯೂನಿಂಗನ್ನೇ ಬಿಟ್ಟು, ಆಯಿಲ್ ಚೇಂಜ್, ಕ್ಲಚ್ ಪ್ಲೇಟ್ ಕೆಲಸಕ್ಕೆ ನಿಂತಿದ್ದನ್ನು ನೋಡಿದ್ದೇನೆ. ಅಂಥವರು ಕೈ ಬಿಡಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

"ಧೈರ್ಯ ತಗೋ, ಎಲ್ಲ ಸರಿ ಹೋಗುತ್ತೆ" ಅನ್ನುವ ಮಾತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎಂಜಿನ್ ಯಾಕೆ ಹೋಯಿತು ಅಂತ ಗೊತ್ತಿಲ್ಲದಿದ್ದರೆ ಭಯ ಪಡುವುದೇ ಸರಿ. ಕಾರಣ ಗೊತ್ತಾದಾಗ ಭಯ ತಾನಾಗಿ ಚಿಕ್ಕದಾಗುತ್ತದೆ. ಎಲ್ಲದಕ್ಕೂ ಹೆದರುವ ಬದಲು ಒಂದು ವಿಷಯಕ್ಕೆ ಮಾತ್ರ ಹುಷಾರಾಗಿದ್ದರೆ ಸಾಕಾಗುತ್ತದೆ. ಹಾಗಾಗಿ ಇಲ್ಲಿ ಮನಸ್ಸಿನ ಮಾತಿಗಿಂತ ಅಳತೆಯ ಮಾತೇ ಜಾಸ್ತಿ. ನಮ್ಮೂರಲ್ಲಿ ಹೆಚ್ಚಾಗಿ ಕೈಗೆ ಬರುವುದು ಸಿಂಗಲ್ ಸಿಲಿಂಡರ್ ಬೈಕ್. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ರಸ್ತೆಯ ಬೈಕನ್ನು ನಮಗೆ ತೋಚಿದಂತೆ ಬದಲಿಸುವ ಹಾಗಿಲ್ಲ. ಇಲ್ಲಿರುವುದು ಟ್ರ್ಯಾಕ್ ಮತ್ತು ಡರ್ಟ್ ರೇಸಿನ ಬೈಕುಗಳ ಮಾತು. ಪರೀಕ್ಷೆ ಮಾಡುವುದೂ ಜನ, ದನ, ಗಾಡಿ ಬಾರದ ಜಾಗದಲ್ಲಿ, ಅನುಮತಿ ಪಡೆದು. ಊರೊಳಗಿನ ಪಿ.ಬಿ. ರಸ್ತೆಯಲ್ಲಿ ಅಲ್ಲ.

ಬಿಚ್ಚುವ ಮುಂಚೆ

ಎಂಜಿನ್ ಜಾಮ್ ಆದ ದಿನ ಸ್ಪ್ಯಾನರ್ ಹಿಡಿಯಬೇಡಿ. ಬೈಕನ್ನು ಒಂದು ಮೂಲೆಗೆ ನಿಲ್ಲಿಸಿ, ಮನೆಗೆ ಹೋಗಿ. ಅವಸರದಲ್ಲಿ ಬಿಚ್ಚಿದವರು ಮೊದಲು ಮಾಡುವುದೇ ಎಲ್ಲವನ್ನೂ ಪೆಟ್ರೋಲ್‌ನಲ್ಲಿ ತೊಳೆಯುವುದು. ಅಲ್ಲಿಗೆ ಸಾಕ್ಷಿಯೆಲ್ಲ ಬಕೆಟ್ ಪಾಲಾಯಿತು.

ಮಾರನೇ ದಿನ ಮೊದಲು ಬರೆಯುವ ಕೆಲಸ. ಯಾವ ಮೇನ್ ಜೆಟ್ ಇತ್ತು, ಕಾರ್ಬುರೇಟರ್ ಸೂಜಿಯ ಕ್ಲಿಪ್ ಎಷ್ಟನೇ ಗೀರಿನಲ್ಲಿತ್ತು, ಯಾವ ನಂಬರಿನ ಪ್ಲಗ್, ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಎಷ್ಟು, ಪೆಟ್ರೋಲ್ ಯಾವಾಗ ಹಾಕಿಸಿದ್ದು, ಆಗ ಬಿಸಿಲು ಹೇಗಿತ್ತು, ಎಷ್ಟು ಹೊತ್ತು ಫುಲ್ ಥ್ರಾಟಲ್‌ನಲ್ಲಿತ್ತು. ಓಡಿಸಿದವರು ಬೇರೆಯವರಾದರೆ ಅವರನ್ನೂ ಕೇಳಿ, ಆದರೆ ಬೈಯುವ ದನಿಯಲ್ಲಿ ಬೇಡ. "ಜಾಮ್ ಆಗೋ ಮುಂಚೆ ಏನಾದ್ರೂ ಸೌಂಡ್ ಬಂತಾ, ಎಳೆತ ಕಮ್ಮಿ ಆಯ್ತಾ?" ಅಂತ ಕೇಳಿದರೆ ನಿಜ ಹೇಳುತ್ತಾರೆ. ಎಳೆತ ನಿಧಾನವಾಗಿ ಕಮ್ಮಿಯಾಗಿ ನಿಂತಿದ್ದರೆ ಅದು ಬಿಸಿಯ ಕಡೆ ಬೆರಳು ತೋರಿಸುತ್ತದೆ. ಚೆನ್ನಾಗಿ ಎಳೆಯುತ್ತಿದ್ದ ಎಂಜಿನ್ ಟಪ್ ಅಂತ ನಿಂತಿದ್ದರೆ ಏನೋ ಮುರಿದಿದೆ ಅಂತ ಅನುಮಾನ ಪಡಬೇಕು.

ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ ಇಡಿ. ಆಯಿಲನ್ನು ಬಿಳಿ ಬಟ್ಟೆಯ ಮೂಲಕ ಸೋಸಿ. ಬಟ್ಟೆಯಲ್ಲಿ ಬೆಳ್ಳಗೆ ಹೊಳೆಯುವ ಪುಡಿ ಸಿಕ್ಕರೆ ಅದು ಅಲ್ಯೂಮಿನಿಯಂ, ಅಂದರೆ ಪಿಸ್ಟನ್ ಅಥವಾ ಹೆಡ್. ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ: ರಿಂಗ್, ಬೇರಿಂಗ್, ಗೇರ್. ಆಮೇಲೆ ಒಂದೊಂದನ್ನೇ ಬಿಚ್ಚುತ್ತ ಫೋಟೊ ತೆಗೆಯಿರಿ. ಪಿಸ್ಟನ್ನಿನ ಎಕ್ಸಾಸ್ಟ್ ಬದಿ ಯಾವುದು ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಅದು ತಪ್ಪಿದರೆ ಮುಂದಿನ ಓದೆಲ್ಲ ತಪ್ಪುತ್ತದೆ.

ಪಿಸ್ಟನ್ ಓದುವುದು

ಇಡೀ ಕೆಲಸದಲ್ಲಿ ಇದಕ್ಕೇ ಜಾಸ್ತಿ ಸಮಯ ಕೊಡಿ. ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ. ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.

ತಲೆಯ ಅಂಚಿನಲ್ಲಿ ಮರಳು ಹೊಡೆದ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಅದು ನಾಕಿಂಗ್. ಪೆಟ್ರೋಲ್ ನಿಧಾನಕ್ಕೆ ಹರಡಿ ಉರಿಯುವ ಬದಲು ಕೊನೆಗೆ ಉಳಿದ ಮಿಶ್ರಣ ಒಮ್ಮೆಲೇ ಸಿಡಿದಿದೆ. ಮೊದಲ ಮತ್ತು ಎರಡನೇ ರಿಂಗಿನ ನಡುವಿನ ಪಟ್ಟಿ ಮುರಿದಿದ್ದರೂ ಹೆಚ್ಚಾಗಿ ಇದೇ ಕಾರಣ. ಆಗ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನೂ ನೋಡಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ, ಬೆಳ್ಳಿಯಂಥ ಹನಿ ಕಂಡರೆ ಅವು ಪಿಸ್ಟನ್ನಿಂದ ಎದ್ದು ಬಂದ ಚೂರು. ಟೂ ಸ್ಟ್ರೋಕ್‌ನಲ್ಲಿ ನಾಕಿಂಗ್ ಸದ್ದು ಎಷ್ಟೋ ಸಲ ಕಿವಿಗೆ ಕೇಳುವುದೇ ಇಲ್ಲ. ಅಲ್ಲಿ ಈ ಚುಕ್ಕಿಗಳನ್ನೇ ನಂಬಬೇಕು.

ತಲೆಯ ನಡುವೆ ಮೇಣ ಕರಗಿದ ಹಾಗೆ ನುಣ್ಣಗೆ ತೂತಾಗಿದ್ದರೆ ಅದು ಪ್ರೀ-ಇಗ್ನಿಷನ್. ಕಿಡಿ ಬರುವ ಮೊದಲೇ ಒಳಗೆ ಕೆಂಪಗೆ ಕಾದ ಯಾವುದೋ ಭಾಗ ಬೆಂಕಿ ಹಚ್ಚಿದೆ. ತೀರಾ ಬಿಸಿ ಜಾತಿಯ ಪ್ಲಗ್ (ತುದಿಯ ಬಿಸಿ ಬೇಗ ಬಿಡದ್ದು), ಕಾರ್ಬನ್ ಗಂಟು, ಹೆಡ್ಡಿನೊಳಗೆ ಉಜ್ಜದೆ ಬಿಟ್ಟ ಚೂಪು ಅಂಚು, ಯಾವುದೂ ಆಗಬಹುದು. ಪ್ಲಗ್ ವಿಷಯದಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಣ್ಣಗೆ. ಬಾಷ್‌ನಲ್ಲಿ ನಂಬರ್ ಏರಿದಷ್ಟೂ ಬಿಸಿ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ಹಾಕಿದರೆ ಬೇಕಾಗಿದ್ದಕ್ಕೆ ಉಲ್ಟಾ ಆಗುತ್ತದೆ.

ಇನ್ನು ಸ್ಕರ್ಟಿನ, ಅಂದರೆ ಪಿಸ್ಟನ್ನಿನ ಕೆಳಗಿನ ಬದಿಯ ಗೀರುಗಳು. ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಗೀರಿದ್ದರೆ ಲೀನ್ ಮಿಶ್ರಣ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಅತಿ ಬಿಸಿ ಅಥವಾ ಆಯಿಲ್ ಕೊರತೆ. ನಾಲ್ಕು ಮೂಲೆಗಳಲ್ಲಿ ಉದ್ದುದ್ದ ಗೀರಿದ್ದರೆ ಪಿಸ್ಟನ್ ಹಿಗ್ಗಿದ ಹಾಗೆ ಸಿಲಿಂಡರ್ ಹಿಗ್ಗಲಿಲ್ಲ ಅಂತ ಅರ್ಥ. ಕ್ಲಿಯರೆನ್ಸ್ (ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದು) ಬಿಗಿಯಾಗಿತ್ತು, ಇಲ್ಲವೇ ತಣ್ಣಗಿದ್ದ ಎಂಜಿನ್ನನ್ನು ಎಬ್ಬಿಸಿದ ಕೂಡಲೇ ಹಿಂಡಿದ್ದಾರೆ. ತಲೆಯ ಮೇಲೆ ಅರ್ಧಚಂದ್ರದ ಗುರುತಿದ್ದರೆ ವಾಲ್ವ್ ಬಂದು ತಾಗಿದೆ. ಕನೆಕ್ಟಿಂಗ್ ರಾಡಿನ ದೊಡ್ಡ ಕಣ್ಣು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೆ ಆಯಿಲ್ ತಲುಪಿಲ್ಲ. ಆ ಕೇಸಿನಲ್ಲಿ ಜೆಟ್, ಟೈಮಿಂಗ್ ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ. ಪಂಪು ಮತ್ತು ದಾರಿ ನೋಡಿ.

ನಿಮ್ಮ ಅಭಿಪ್ರಾಯ ಗಟ್ಟಿಯಾಗುವ ಮುಂಚೆ ಪಿಸ್ಟನ್ನನ್ನು ಒಬ್ಬ ಹಿರಿಯ ಮೇಸ್ತ್ರಿಗೆ ತೋರಿಸಿ. ನಿಮಗೆ ಏನನ್ನಿಸಿದೆ ಅಂತ ಹೇಳಲೇಬೇಡಿ. "ಅಣ್ಣಾ, ಇದನ್ನ ಸ್ವಲ್ಪ ನೋಡ್ರಿ, ಏನ್ ಅನ್ಸುತ್ತೆ?" ಅಂದು ಸುಮ್ಮನಿರಿ. ನೀವು ಮೊದಲೇ ಹೇಳಿದರೆ ಅವರೂ ಅದನ್ನೇ ಹುಡುಕುತ್ತಾರೆ.

ಕಾರಣದ ಬೆನ್ನು ಹತ್ತಿ

"ನಾಕಿಂಗ್ ಆಗಿ ಹೋಯ್ತು" ಅನ್ನುವುದು ಅರ್ಧ ಉತ್ತರ. ನಾಕಿಂಗ್ ಯಾಕಾಯಿತು? ಕಂಪ್ರೆಷನ್, ಅಂದರೆ ಮಿಶ್ರಣವನ್ನು ಒತ್ತುವ ಪ್ರಮಾಣ, ಜಾಸ್ತಿ ಇತ್ತು. ಯಾಕೆ ಜಾಸ್ತಿ ಇತ್ತು? ಹೆಡ್ ಅರ್ಧ ಮಿಲಿಮೀಟರ್ ಕಟ್ ಮಾಡಿಸಿದ್ದರು. ಕಟ್ ಮಾಡಿಸಿದ ಮೇಲೆ ಅಳೆದಿದ್ದರಾ? ಇಲ್ಲ. ಹೀಗೆ ಕೊನೆಯ ಯಾಕೆ ತನಕ ಹೋದರೆ ಕೈಗೆ ಒಂದು ಗಟ್ಟಿ ವಿಷಯ ಸಿಗುತ್ತದೆ.

ಅರ್ಧ ಮಿಲಿಮೀಟರ್ ಅಂದರೆ ಎಷ್ಟು ಅಂತ ಲೆಕ್ಕ ಹಾಕೋಣ. 57 ಮಿಲಿಮೀಟರ್ ಬೋರಿನ (ಸಿಲಿಂಡರಿನ ಒಳ ಅಗಲ) 150 ಸಿಸಿ ಎಂಜಿನ್ ಅಂದುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲಿದ್ದಾಗ ಉಳಿಯುವ ಜಾಗ 16 ಸಿಸಿ. 150ಕ್ಕೆ 16 ಕೂಡಿಸಿ, 16ರಿಂದ ಭಾಗಿಸಿದರೆ 10.4. ಇದು ಮೊದಲಿನ ಕಂಪ್ರೆಷನ್ ರೇಶಿಯೊ. 57 ಮಿಲಿಮೀಟರ್ ಅಗಲದ ವೃತ್ತದಿಂದ ಅರ್ಧ ಮಿಲಿಮೀಟರ್ ತೆಗೆದರೆ ಸುಮಾರು 1.3 ಸಿಸಿ ಹೋಯಿತು. ಉಳಿದದ್ದು 14.7. ಈಗ ರೇಶಿಯೊ 11.2. ಲೇತಿನಲ್ಲಿ ಕಣ್ಣಿಗೂ ಕಾಣದಷ್ಟು ಸಿಪ್ಪೆ ಬಂದಿರುತ್ತದೆ, ಆದರೆ ಗಾಳಿ ಕೂಲಿಂಗ್ ಎಂಜಿನ್ನಿಗೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಇದು ದೊಡ್ಡ ಬದಲಾವಣೆ. ಜೊತೆಗೆ ವಾಲ್ವ್‌ಗಳು ಪಿಸ್ಟನ್ನಿಗೆ ಅರ್ಧ ಮಿಲಿಮೀಟರ್ ಹತ್ತಿರ ಬಂದವು. ಓವರ್‌ಹೆಡ್ ಕ್ಯಾಮ್ ಎಂಜಿನ್ ಆದರೆ ಹೆಡ್ ಕೆಳಗಿಳಿದ ಕಾರಣ ಕ್ಯಾಮ್ ಟೈಮಿಂಗೂ (ವಾಲ್ವ್ ತೆರೆದು ಮುಚ್ಚುವ ಹೊತ್ತು) ಸ್ವಲ್ಪ ಹಿಂದೆ ಸರಿಯಿತು. ಒಂದು ಕೆಲಸ ಮಾಡಿಸಿದರೆ ಮೂರು ಅಳತೆ ಬದಲಾದವು.

ಇದನ್ನು ಅಳೆಯಲು ದೊಡ್ಡ ಸಾಮಾನು ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ 20 ಎಂಎಲ್ ಸಿರಿಂಜ್ ಸಾಕು. ಕಂಪ್ರೆಷನ್ ಸ್ಟ್ರೋಕಿನ ಕೊನೆಗೆ ಪಿಸ್ಟನ್ನನ್ನು ಮೇಲೆ ನಿಲ್ಲಿಸಿ, ಪ್ಲಗ್ ತೂತು ನೆಟ್ಟಗೆ ಆಕಾಶ ನೋಡುವಂತೆ ಎಂಜಿನ್ ವಾಲಿಸಿ, ತೆಳು ಆಯಿಲನ್ನು ಪ್ಲಗ್ ಥ್ರೆಡ್ಡಿನ ಬುಡದ ತನಕ ತುಂಬಿ. ಎಷ್ಟು ಎಂಎಲ್ ಹೋಯಿತೋ ಅಷ್ಟು ಸಿಸಿ. ಗಾಳಿಗುಳ್ಳೆ ಉಳಿಯದ ಹಾಗೆ ನೋಡಿಕೊಳ್ಳಿ, ಮೂರು ಸಲ ಅಳೆದು ಮೂರೂ ಹತ್ತಿರ ಬಂದರೆ ಮಾತ್ರ ನಂಬಿ. ಅಳತೆ ಮುಗಿದ ಮೇಲೆ ಆಯಿಲನ್ನೆಲ್ಲ ತೆಗೆಯುವ ತನಕ ಕಿಕ್ ಮುಟ್ಟಬೇಡಿ.

ಕಾರಣವನ್ನು ಕೊನೆಗೆ ಒಂದೇ ವಾಕ್ಯದಲ್ಲಿ ಬರೆಯಿರಿ. "ಹೆಡ್ ಕಟ್ ಮಾಡಿಸಿ ಅಳೆಯದೆ, ಟೈಮಿಂಗ್ ಹಿಂದಕ್ಕೆ ತರದೆ ಓಡಿಸಿದ್ದರಿಂದ ನಾಕಿಂಗ್ ಆಗಿ ರಿಂಗ್ ಪಟ್ಟಿ ಮುರಿಯಿತು." ಹೀಗೆ. ಆ ವಾಕ್ಯ ಬರೆಯಲು ಆಗದಿದ್ದರೆ ಇನ್ನೂ ಹುಡುಕುವುದಿದೆ. ಹೊಸ ಪಿಸ್ಟನ್ ತರಲು ಹೋಗಬೇಡಿ.

ಆ ಹಾಳಾದ ಪಿಸ್ಟನ್ನನ್ನು ಗುಜರಿಗೆ ಹಾಕದೆ, ದಿನಾಂಕ ಮತ್ತು ಆ ವಾಕ್ಯದ ಚೀಟಿ ಕಟ್ಟಿ ಗ್ಯಾರೇಜಿನ ಶೆಲ್ಫ್ ಮೇಲೆ ಇಡಿ. ನ್ಯೂಜಿಲೆಂಡಿನ ಬರ್ಟ್ ಮುನ್ರೊ ಹೀಗೇ ಮಾಡುತ್ತಿದ್ದರು. 1920ರ ಒಂದೇ ಇಂಡಿಯನ್ ಸ್ಕೌಟ್ ಬೈಕನ್ನು ದಶಕಗಳ ಕಾಲ ತಮ್ಮ ಶೆಡ್ಡಿನಲ್ಲಿ ಟ್ಯೂನ್ ಮಾಡಿದವರು ಅವರು. ಒಡೆದ ಪಿಸ್ಟನ್, ರಾಡುಗಳನ್ನು ಶೆಲ್ಫಿನಲ್ಲಿ ಜೋಡಿಸಿ "ವೇಗದ ದೇವರಿಗೆ ಕಾಣಿಕೆ" ಅಂತ ಬರೆದಿಟ್ಟಿದ್ದರು. 1967ರಲ್ಲಿ ಅಮೆರಿಕದ ಬೊನೆವಿಲ್ ಉಪ್ಪಿನ ಬಯಲಿನಲ್ಲಿ 1000 ಸಿಸಿ ಒಳಗಿನ ವರ್ಗದ ದಾಖಲೆ ಮಾಡಿದಾಗ ಅವರ ವಯಸ್ಸು 68. ಆ ಶೆಲ್ಫ್ ತುಂಬದೆ ಆ ದಾಖಲೆ ಬರುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಹೆದರಿಕೆಯ ಟ್ಯೂನಿಂಗ್ ಬೇಡ

ಒಂದು ಸಲ ಪೆಟ್ಟು ತಿಂದವರು ಎಲ್ಲವನ್ನೂ "ಸೇಫ್" ಕಡೆಗೆ ಎಳೆಯುತ್ತಾರೆ. ದೊಡ್ಡ ಜೆಟ್ ಹಾಕುತ್ತಾರೆ, ಟೈಮಿಂಗ್ ತುಂಬಾ ಹಿಂದೆ ತರುತ್ತಾರೆ, ಟೂ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಎರಡು ಪಟ್ಟು ಆಯಿಲ್ ಸುರಿಯುತ್ತಾರೆ, ಬೋರ್ ಹಾಕಿಸುವಾಗ "ಸ್ವಲ್ಪ ಲೂಸೇ ಇರ್ಲಿ" ಅನ್ನುತ್ತಾರೆ. ಮನಸ್ಸಿಗೆ ಇದರಿಂದ ಸಮಾಧಾನ ಸಿಗಬಹುದು. ಎಂಜಿನ್ನಿಗೆ ಇದೂ ಅಂದಾಜಿನ ಕೆಲಸವೇ.

ಟೈಮಿಂಗ್ ಅತಿಯಾಗಿ ಹಿಂದೆ ಬಂದರೆ ಪೆಟ್ರೋಲ್ ತಡವಾಗಿ ಉರಿದು ಬಿಸಿಯೆಲ್ಲ ಎಕ್ಸಾಸ್ಟ್ ಕಡೆ ಹೋಗುತ್ತದೆ. ವಾಲ್ವ್ ಕಾಯುತ್ತದೆ, ಸೈಲೆನ್ಸರ್ ಪೈಪ್ ನೀಲಿಯಾಗುತ್ತದೆ. ಮಿಶ್ರಣ ಅತಿ ರಿಚ್ (ಪೆಟ್ರೋಲ್ ಜಾಸ್ತಿ) ಆದರೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗುತ್ತದೆ, ಕಾರ್ಬನ್ ಕಟ್ಟುತ್ತದೆ, ಆ ಕಾರ್ಬನ್ನೇ ಮುಂದೆ ನಾಕಿಂಗಿಗೆ ದಾರಿ. ಆಯಿಲ್ ಜಾಸ್ತಿ ಬೆರೆಸಿದರೆ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಅಷ್ಟು ಕಮ್ಮಿಯಾಗುತ್ತದೆ. 40ಕ್ಕೆ 1 ಇದ್ದದ್ದನ್ನು 20ಕ್ಕೆ 1 ಮಾಡಿದರೆ ಪೆಟ್ರೋಲ್ ಸುಮಾರು ಶೇಕಡ 2.5 ಇಳಿಯಿತು, ಅಂದರೆ ಲೀನ್ ಆಯಿತು. ಯಾವುದಕ್ಕೆ ಹೆದರಿದ್ದರೋ ಅದರ ಹತ್ತಿರಕ್ಕೇ ಹೋದ ಹಾಗಾಯಿತು. ಬೋರ್ ಲೂಸಾದರೆ ಪಿಸ್ಟನ್ ಅಲ್ಲಾಡಿ ರಿಂಗ್ ಹಿಡಿಯುವುದಿಲ್ಲ.

ಮೊದಲು ಕಂಪನಿ ಅಳತೆಗೆ ಕಟ್ಟಿ

ಹೋದ ಎಂಜಿನ್ನನ್ನು ಮತ್ತೆ ಅದೇ ಟ್ಯೂನಿಗೆ ನೇರವಾಗಿ ಕಟ್ಟಬೇಡಿ. ಒಂದು ಸಲ ಪೂರ್ತಿ ಸ್ಟಾಕ್ ಅಳತೆಗೆ ತನ್ನಿ. ಕಟ್ ಮಾಡಿದ ಹೆಡ್ ಇದ್ದರೆ ಬೇರೆ ಹೆಡ್ ಹುಡುಕಿ, ಸಿಗದಿದ್ದರೆ ದಪ್ಪ ಪ್ಯಾಕಿಂಗ್ ಹಾಕಿ ರೇಶಿಯೊ ಇಳಿಸಿ, ಸಿರಿಂಜಿನಲ್ಲಿ ಅಳೆದು ನೋಡಿ. ಸ್ಟಾಕ್ ಎಂಜಿನ್ ಸರಿಯಾಗಿ ಓಡಿದರೆ ಕ್ರ್ಯಾಂಕ್, ಬೇರಿಂಗ್, ಆಯಿಲ್ ಪಂಪ್, ಕಾಯಿಲ್ ಎಲ್ಲದರ ಮೇಲೂ ಒಮ್ಮೆಗೇ ನಂಬಿಕೆ ಬರುತ್ತದೆ.

ಲೇತ್ ಕೆಲಸದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅಲ್ಲಿ ತಯಾರಾದ ಲೇತ್‌ಗಳು ಇನ್ನೂ ತಿರುಗುತ್ತಿವೆ, ಆ ಕೆಲಸ ಬಲ್ಲವರು ಇನ್ನೂ ಇದ್ದಾರೆ. ಆದರೆ ಎಷ್ಟೇ ಒಳ್ಳೆಯ ಕೈಯಾದರೂ ಪಿಸ್ಟನ್ ಕೊಡದೆ ಬೋರ್ ಹಾಕಿಸಬೇಡಿ. ಓವರ್‌ಸೈಜ್ ಪಿಸ್ಟನ್ ಮೊದಲು ತಂದು, ಅದನ್ನೇ ಅಳೆದು, ಮ್ಯಾನ್ಯುಯಲ್ ಹೇಳಿದ ಕ್ಲಿಯರೆನ್ಸ್ ಸೇರಿಸಿ ಬೋರ್ ಮಾಡಲಿ. ಪಿಸ್ಟನ್ ಅಳೆಯುವುದು ಸ್ಕರ್ಟಿನ ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡವಾಗಿ. ಮೇಲ್ಗಡೆ ಅಳೆದರೆ ಚಿಕ್ಕದಾಗಿ ಸಿಗುತ್ತದೆ. ಬೋರ್ ಅಳೆಯುವುದು ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಎರಡು ದಿಕ್ಕಿನಲ್ಲಿ. ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ನಿಂದಲೇ ತಳ್ಳಿ ನೆಟ್ಟಗೆ ಮಾಡಿ, ತುದಿಗಳ ನಡುವೆ ಫೀಲರ್ ಗೇಜ್ ಹಾಕಿ ನೋಡಿ. ಬೋರನ್ನು 0.004ರಿಂದ ಗುಣಿಸಿದರೆ ಸುಮಾರು ಲೆಕ್ಕ ಬರುತ್ತದೆ. 57 ಮಿಲಿಮೀಟರಿಗೆ 0.23. ಮ್ಯಾನ್ಯುಯಲ್ ಬೇರೆ ಹೇಳಿದರೆ ಮ್ಯಾನ್ಯುಯಲ್ ಮಾತೇ ಅಂತಿಮ.

ಹೋನಿಂಗ್ (ಕಲ್ಲಿನಿಂದ ಒಳಗೋಡೆ ಉಜ್ಜುವುದು) ಆಗಿ ಬಂದ ಸಿಲಿಂಡರನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದು. ಗೀರುಗಳೊಳಗೆ ಕೂತ ಕಲ್ಲಿನ ಪುಡಿ ಪೆಟ್ರೋಲಿಗೆ ಬಿಡುವುದಿಲ್ಲ. ಬಿಸಿ ನೀರು, ಬಟ್ಟೆ ಸೋಪು, ಬ್ರಷ್ ಹಾಕಿ ಉಜ್ಜಿ. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬೆಳ್ಳಗೇ ಉಳಿಯುವ ತನಕ ತೊಳೆಯಬೇಕು. ತಕ್ಷಣ ಒಣಗಿಸಿ ಆಯಿಲ್ ಸವರಿ, ಇಲ್ಲದಿದ್ದರೆ ತುಕ್ಕು ಶುರುವಾಗುತ್ತದೆ. ಹೊಸ ರಿಂಗುಗಳು ಬೇಗ ಸವೆದರೆ ಎಷ್ಟೋ ಸಲ ಅದಕ್ಕೆ ಈ ಒಂದು ಬಕೆಟ್ ಸೋಪು ನೀರಿನ ಸೋಮಾರಿತನವೇ ಕಾರಣ.

ಟೂ ಸ್ಟ್ರೋಕ್ ಆದರೆ ಕ್ರ್ಯಾಂಕ್ ಕೇಸ್ ಗಾಳಿ ಪರೀಕ್ಷೆ ಬಿಡಲೇಬಾರದು. ಆರ್‌ಎಕ್ಸ್ 100ರಂಥ ಹಳೆಯ ಬೈಕುಗಳಲ್ಲಿ ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಗಾಳಿ ಎಳೆಯುತ್ತಿರುತ್ತದೆ. ಎಷ್ಟು ದೊಡ್ಡ ಜೆಟ್ ಹಾಕಿದರೂ ಲೀನ್ ಆಗುವ ತೊಂದರೆ ಹೋಗುವುದಿಲ್ಲ. ಎರಡೂ ಪೋರ್ಟ್ ರಬ್ಬರ್ ಹಾಕಿ ಮುಚ್ಚಿ, ಸೈಕಲ್ ಪಂಪಿನಲ್ಲಿ 6 ಪಿಎಸ್‌ಐ ಗಾಳಿ ತುಂಬಿ, ಐದು ನಿಮಿಷ ಗೇಜ್ ನೋಡಿ. ಇಳಿದರೆ ಸೋಪು ನೀರು ಹಚ್ಚಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿದೆ ರೋಗ.

ಪೆಟ್ರೋಲ್ ಮೊದಲಿನದಲ್ಲ

ಹಳೆ ಮೇಸ್ತ್ರಿಗಳ ಜೆಟ್ ನಂಬರುಗಳನ್ನು ಹಾಗೇ ಹಾಕುವವರು ಇದನ್ನು ಗಮನಿಸಬೇಕು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡ 20 ಎಥೆನಾಲ್ ಬೆರೆತದ್ದು. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹೀಗೆ. ಬರೀ ಪೆಟ್ರೋಲಿಗೆ ಕೂರಿಸಿದ ಕಾರ್ಬುರೇಟರ್ ಇ20ರಲ್ಲಿ ಸುಮಾರು ಶೇಕಡ 8 ಲೀನ್ ಓಡುತ್ತದೆ. ನಾಕಿಂಗ್ ತಡೆಯಲು ಎಥೆನಾಲ್ ಒಳ್ಳೆಯದೇ, ಆದರೆ ಈ ಲೀನ್ ಲೆಕ್ಕ ಸರಿ ಮಾಡಿಕೊಂಡರೆ ಮಾತ್ರ ಆ ಲಾಭ ಸಿಗುತ್ತದೆ.

ಅನುಮಾನವಿದ್ದರೆ ನೀವೇ ನೋಡಬಹುದು. 100 ಎಂಎಲ್ ಅಳತೆ ಗಾಜಿನಲ್ಲಿ 90 ಎಂಎಲ್ ಪೆಟ್ರೋಲ್, 10 ಎಂಎಲ್ ನೀರು ಹಾಕಿ ಅಲುಗಾಡಿಸಿ, ಬಯಲಲ್ಲಿ, ಬೆಂಕಿಯಿಂದ ದೂರ. ತಿಳಿಯಾಗಲು ಬಿಡಿ. ಎಥೆನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗಿನ ಪದರ 28ರ ಹತ್ತಿರ ಬಂದರೆ 18 ಎಂಎಲ್ ಎಥೆನಾಲ್ ಇತ್ತು, ಅಂದರೆ ಶೇಕಡ 20. ಬಟ್ಟಲಿನಿಂದ ಇಳಿಸಿಟ್ಟ ಪೆಟ್ರೋಲ್ ನೀರೇ ಹಾಕದೆ ಎರಡು ಪದರವಾಗಿದ್ದರೆ ಟ್ಯಾಂಕಿಗೆ ನೀರು ಸೇರಿದೆ. ತಿಂಗಳುಗಟ್ಟಲೆ ಕ್ಯಾನಿನಲ್ಲಿಟ್ಟ ಪೆಟ್ರೋಲ್ ಹಾಕಿ ಟ್ಯೂನ್ ಮಾಡಬೇಡಿ.

ರನ್ನಿಂಗ್-ಇನ್ ಮತ್ತು ನಿಮ್ಮ ಸ್ವಂತ ನಂಬರುಗಳು

ಸ್ಟಾಕ್‌ಗೆ ಕಟ್ಟಿದ ಎಂಜಿನ್ನನ್ನು ಸ್ಟಾಂಡ್ ಹಾಕಿ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವುದು ಹಳೆಯ ಅಭ್ಯಾಸ. ಅದರಿಂದ ರಿಂಗ್ ಸಿಲಿಂಡರಿಗೆ ಹೊಂದಿಕೊಂಡು ಕೂರುವುದಿಲ್ಲ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಹಾಗೆ ಬಿಟ್ಟರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವಕ್ಕೇ ಅಪಾಯ. ರಿಂಗ್ ಕೂರಲು ಹದವಾದ ಲೋಡ್ ಬೇಕು, ವೇಗ ಏರಿಳಿಯುತ್ತಿರಬೇಕು. ಮೊದಲು ಬಿಸಿ ಮಾಡಿ, ಪೂರ್ತಿ ತಣ್ಣಗಾಗಲು ಬಿಡಿ, ಮ್ಯಾನ್ಯುಯಲ್ ಹೇಳಿದರೆ ಹೆಡ್ ನಟ್ ಮತ್ತೆ ಟಾರ್ಕ್ ಮಾಡಿ. ಕಾಗದಪತ್ರ ಇರುವ ಸ್ಟಾಕ್ ಬೈಕಾದರೆ ದಾವಣಗೆರೆಯಿಂದ ಹರಿಹರದ ತನಕ ಹಳೇ ರಸ್ತೆಯಲ್ಲಿ ಅರ್ಧ ಥ್ರಾಟಲ್ ದಾಟದೆ ಹೋಗಿ ಬರುವುದು ಒಳ್ಳೆಯ ಅಭ್ಯಾಸ. ಸುಮಾರು 14 ಕಿಲೋಮೀಟರ್, ನಡುವೆ ಬಾತಿ ಕಡೆ ನಿಲ್ಲಿಸಿ ಆಯಿಲ್ ಸೋರಿಕೆ ನೋಡಬಹುದು. ಫೋರ್ ಸ್ಟ್ರೋಕ್ ಆದರೆ ಮೊದಲ ಆಯಿಲನ್ನು 50 ಕಿಲೋಮೀಟರಿಗೇ ಇಳಿಸಿ ಬಟ್ಟೆಯಲ್ಲಿ ಸೋಸಿ. ಪುಡಿ ಕಮ್ಮಿಯಾಗುತ್ತ ಬಂದರೆ ಸರಿ.

ರಿಂಗ್ ಕೂತ ಮೇಲೆ ಈ ಎಂಜಿನ್ನಿನ ಆರೋಗ್ಯದ ನಂಬರುಗಳನ್ನು ಬರೆದಿಡಿ. ಬಿಸಿ ಎಂಜಿನ್, ಥ್ರಾಟಲ್ ಪೂರ್ತಿ ತೆರೆದು, ಕಂಪ್ರೆಷನ್ ಗೇಜಿನ ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆದು ಕಂಪ್ರೆಷನ್ ಎಷ್ಟು ಬಂತು ನೋಡಿ. ಲೀಕ್‌ಡೌನ್ ಗೇಜ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ತೋರಿಸುವುದು) ಇದ್ದರೆ ಸೋರಿಕೆ ಶೇಕಡ 10ರ ಒಳಗಿರಲಿ. ಪ್ಲಗ್ ಬುಡದ ಉಷ್ಣತೆ ಅಳೆಯುವ ಸೆನ್ಸರ್ ಹಾಕಿ ಮಾಮೂಲಿ ಎಷ್ಟಿರುತ್ತದೆ ತಿಳಿದುಕೊಳ್ಳಿ. ಐಡಲ್ ಮತ್ತು ನಡುವಿನ ಆರ್‌ಪಿಎಮ್‌ನಲ್ಲಿ ಎಂಜಿನ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಈ ರೆಕಾರ್ಡಿಂಗ್ ಯಾಕೆ ಬೇಕು ಗೊತ್ತಾ? ಒಂದು ಎಂಜಿನ್ ಹೋದ ಮೇಲೆ ಕಿವಿ ಬದಲಾಗುತ್ತದೆ. ಟ್ಯಾಪೆಟ್ಟಿನ ಮಾಮೂಲಿ ಟಿಕ್ ಟಿಕ್ ಕೂಡ ರಾಡ್ ಬಡಿತದ ಹಾಗೆ ಕೇಳುತ್ತದೆ. ಆಗ ಎಂಜಿನ್ ಬಿಚ್ಚುವ ಆಸೆ ತಡೆಯಲು ಆಗುವುದಿಲ್ಲ, ಬಿಚ್ಚಿದರೆ ಚೆನ್ನಾಗಿ ಕೂತ ರಿಂಗ್, ಪ್ಯಾಕಿಂಗ್ ಎಲ್ಲ ಹಾಳು. ಅದಕ್ಕೆ ಒಂದು ನಿಯಮ ಮಾಡಿಕೊಳ್ಳಿ. ಸದ್ದು ಅನುಮಾನ ತಂದರೆ ಮೊದಲು ರೆಕಾರ್ಡಿಂಗ್ ಜೊತೆ ಹೋಲಿಸಿ. ಆಮೇಲೆ ಕಂಪ್ರೆಷನ್. ನಿಮ್ಮದೇ ಮೊದಲಿನ ನಂಬರಿಗಿಂತ ಶೇಕಡ 10 ಇಳಿದಿದ್ದರೆ, ಆಯಿಲ್‌ನಲ್ಲಿ ಹೊಸ ಪುಡಿ ಬಂದಿದ್ದರೆ, ಪ್ಲಗ್ ಮೇಲೆ ಚುಕ್ಕಿ ಕಂಡರೆ, ಇಲ್ಲವೇ ಸದ್ದೇ ನಿಜವಾಗಿ ಬದಲಾಗಿದ್ದರೆ ಬಿಚ್ಚಿ. ಯಾವುದೂ ಇಲ್ಲದಿದ್ದರೆ ಮುಟ್ಟಬೇಡಿ. ಕೈ ಮತ್ತೆ ಗಟ್ಟಿಯಾಗುವುದರಲ್ಲಿ ಈ ನಿಯಮದ ಪಾಲು ದೊಡ್ಡದು.

ಒಂದು ಸಲಕ್ಕೆ ಒಂದೇ ಬದಲಾವಣೆ

ಈಗ ಟ್ಯೂನಿಂಗ್. ಬದಲಿಸಿ ವಾಪಸ್ ತರಬಹುದಾದದ್ದನ್ನು ಮೊದಲು ಮುಟ್ಟಿ. ಜೆಟ್ ಬದಲಿಸಬಹುದು, ಟೈಮಿಂಗ್ ಹಿಂದೆ ಮುಂದೆ ಮಾಡಬಹುದು. ಕತ್ತರಿಸಿದ ಹೆಡ್, ಉಜ್ಜಿದ ಪೋರ್ಟ್ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಫಿಲ್ಟರ್, ಸೈಲೆನ್ಸರ್, ಜೆಟ್ ಮೊದಲು. ಟೈಮಿಂಗ್ ಆಮೇಲೆ. ಪೋರ್ಟ್ ಮತ್ತು ಕಂಪ್ರೆಷನ್ ಕೊನೆಗೆ, ಅವನ್ನು ಮುಟ್ಟಿದ ಮೇಲೆ ಜೆಟ್ ಮತ್ತು ಟೈಮಿಂಗ್ ಮತ್ತೊಮ್ಮೆ ಮೊದಲಿಂದ.

ಜೆಟ್ಟನ್ನು ಯಾವಾಗಲೂ ರಿಚ್ ಕಡೆಯಿಂದ ಇಳಿಸುತ್ತ ಬನ್ನಿ. ಪ್ರತಿ ಸಲ ಎಳೆತ ಅಳೆಯಿರಿ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ಪ್ರತಿ ಜೆಟ್ಟಿಗೂ ಅಷ್ಟು ದೂರ ಹೋಗಲು ಆಗುತ್ತಾ? ಫೋನ್ ಸಾಕು. ಜನ, ಗಾಡಿ ಬಾರದ ಬಯಲಿನಲ್ಲಿ ಮೂರನೇ ಗೇರಿನಲ್ಲಿ 4000ದಿಂದ 8000 ಆರ್‌ಪಿಎಮ್ ತಲುಪಲು ಎಷ್ಟು ಹೊತ್ತು ಅಂತ ಮೀಟರಿನ ವಿಡಿಯೊ ತೆಗೆದು, ನಿಧಾನ ಮಾಡಿ ನೋಡಿ. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯಿರಿ. ಚಿತ್ರದುರ್ಗದ ಕಡೆ ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಅಲ್ಲಿನ ಗಾಳಿ ಬೆನ್ನಿಗಿದ್ದರೆ ಯಾವ ಜೆಟ್ ಹಾಕಿದರೂ ಚೆನ್ನಾಗಿ ಎಳೆದ ಹಾಗೇ ಕಾಣುತ್ತದೆ.

ವೈಡ್‌ಬ್ಯಾಂಡ್ ಲ್ಯಾಂಬ್ಡಾ ಮೀಟರ್ (ಹೊಗೆಯಿಂದ ಮಿಶ್ರಣದ ಹದ ಹೇಳುವುದು; 1 ಅಂದರೆ ಸರಿ ಹದ, ಅದಕ್ಕಿಂತ ಕೆಳಗೆ ರಿಚ್, ಮೇಲೆ ಲೀನ್) ನಾಲ್ಕು ಜನ ಸೇರಿ ಕೊಂಡರೂ ಸರಿ, ಕೊಳ್ಳಿ. ಫುಲ್ ಥ್ರಾಟಲ್‌ನಲ್ಲಿ ಗಾಳಿ ಕೂಲಿಂಗ್ ಫೋರ್ ಸ್ಟ್ರೋಕಿಗೆ 0.85ರಿಂದ 0.88ರ ನಡುವೆ ಇಟ್ಟುಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಮೀಟರನ್ನು ಲ್ಯಾಂಬ್ಡಾದಲ್ಲೇ ಓದಿ, ಆಗ ಇ20 ಇದ್ದರೂ ಲೆಕ್ಕ ತಪ್ಪುವುದಿಲ್ಲ. ಟೈಮಿಂಗನ್ನು ಒಂದೊಂದೇ ಡಿಗ್ರಿ ಮುಂದೆ ತನ್ನಿ. ಪ್ರತಿ ಡಿಗ್ರಿಗೂ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಎಳೆತ ಹೆಚ್ಚುವುದು ನಿಂತ ಡಿಗ್ರಿಯಿಂದ ಒಂದು ಹಿಂದೆ ಬಂದು ನಿಲ್ಲಿ. ಒಂದು ಚುಕ್ಕಿ ಕಂಡರೂ ಅವತ್ತಿನ ಕೆಲಸ ಅಲ್ಲಿಗೇ ಮುಗಿಯಿತು.

ಬೈಕಿನ ಯಜಮಾನರ ಜೊತೆ

ಎಂಜಿನ್ ಬೇರೆಯವರದ್ದಾದರೆ ಅವರ ಮುಖ ನೋಡುವುದೇ ಕಷ್ಟದ ಕೆಲಸ. ಅವರು ಕೇಳುವುದು ಒಂದೇ. "ಮತ್ತೆ ಹಿಂಗೇ ಆಗಲ್ಲ ತಾನೆ ಅಣ್ಣಾ?" "ಆಗೋದೇ ಇಲ್ಲ" ಅಂತ ಮಾತು ಕೊಡಬೇಡಿ. ಆ ಮಾತೇ ನಿಮ್ಮ ಮೇಲಿನ ಭಾರ ಹೆಚ್ಚಿಸುತ್ತದೆ. ಚೀಟಿ ಕಟ್ಟಿದ ಪಿಸ್ಟನ್ ತೋರಿಸಿ, "ಈ ಕಾರಣಕ್ಕೆ ಹೋಗಿತ್ತು. ಅದನ್ನ ಸರಿ ಮಾಡಿ ಅಳೆದಿದೀನಿ, ಇಲ್ಲಿದೆ ನೋಡ್ರಿ. ಬೇರೆ ಏನಾದ್ರೂ ಬಂದ್ರೆ ಮುಂಚೇನೇ ಗೊತ್ತಾಗೋ ಹಾಗೆ ಮಾಡಿದೀನಿ" ಅಂತ ಹೇಳಿ. ಮುಂದೆ ಹಾಳಾದರೆ ಸಾಮಾನಿನ ಖರ್ಚು ಯಾರದು, ಕೂಲಿ ಯಾರದು ಅಂತ ಕೆಲಸ ಹಿಡಿಯುವ ಮುಂಚೆಯೇ ಬರೆದುಕೊಳ್ಳಿ. ಟ್ಯೂನ್ ಮಾಡಿದ ಎಂಜಿನ್ನಿನ ಆಯಸ್ಸು ಕಮ್ಮಿ ಅನ್ನುವುದನ್ನೂ ಆಗಲೇ ಹೇಳಿಬಿಡಿ.

ಊರು ಬಿಟ್ಟು ರೇಸಿಗೆ ಹೋಗುವಾಗ

ಎಲ್ಲ ಸರಿಯಾದ ಮೇಲೂ ಎಂಜಿನ್ ಕೈಕೊಡುವುದು ಹೊಸ ಊರಿನ ಟ್ರ್ಯಾಕಿನಲ್ಲಿ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ನೂರು ಮೀಟರಿಗೂ ಮೇಲೆ. ಚೆನ್ನೈ ಟ್ರ್ಯಾಕ್ ಇರುವ ಇರುಂಗಾಟ್ಟುಕೋಟೆ ಹೆಚ್ಚುಕಮ್ಮಿ ಸಮುದ್ರದ ಮಟ್ಟ. ಅಷ್ಟೇ ಬಿಸಿಲಿದ್ದರೆ ಅಲ್ಲಿ ಗಾಳಿ ನಮ್ಮದಕ್ಕಿಂತ ಸುಮಾರು ಶೇಕಡ 7 ದಟ್ಟ. ಕಾರ್ಬುರೇಟರ್ ಅದರಲ್ಲಿ ಅರ್ಧದಷ್ಟನ್ನು ತಾನೇ ಸರಿದೂಗಿಸುತ್ತದೆ, ಉಳಿದ ಮೂರೂವರೆಯಷ್ಟು ಲೀನ್ ಆಗುತ್ತದೆ. ಮೇ ತಿಂಗಳ 38 ಡಿಗ್ರಿ ಮಧ್ಯಾಹ್ನ ಇಲ್ಲಿ ಮಾಡಿದ ಟ್ಯೂನನ್ನು ಡಿಸೆಂಬರಿನ 17 ಡಿಗ್ರಿ ಬೆಳಗಿಗೆ ಒಯ್ದರೂ ಅಷ್ಟೇ ವ್ಯತ್ಯಾಸ. ಎರಡೂ ಸೇರಿದರೆ ಶೇಕಡ 7. ಇಲ್ಲಿ ಅಂಚಿನಲ್ಲಿ ಕೂರಿಸಿದ ಜೆಟ್ ಅಲ್ಲಿ ಮೊದಲ ಲ್ಯಾಪಿಗೇ ಪಿಸ್ಟನ್ ತಿನ್ನುತ್ತದೆ.

ಹೊರಡುವ ಮುಂಚೆ ಈಗಿನ ಮೇನ್ ಜೆಟ್ಟಿಗಿಂತ ಎರಡು ಮೂರು ಸೈಜ್ ದೊಡ್ಡವು, ಒಂದು ಚಿಕ್ಕದು, ಒಂದು ನಂಬರ್ ತಣ್ಣನೆಯ ಪ್ಲಗ್ ಎರಡು, ಪ್ಯಾಕಿಂಗ್, ಭೂತಗನ್ನಡಿ, ನಂಬರು ಬರೆದಿಟ್ಟ ಪುಸ್ತಕ, ಇವೆಲ್ಲ ಡಬ್ಬಿಯಲ್ಲಿರಲಿ. ಜೆಟ್ ನಂಬರ್ ತೂತಿನ ವ್ಯಾಸದ ಲೆಕ್ಕದ್ದಾದರೆ 100ರಿಂದ 102ಕ್ಕೆ ಹೋದರೆ ತೂತು ಶೇಕಡ 4 ದೊಡ್ಡದಾಗುತ್ತದೆ. ನಂಬರ್ ಪೆಟ್ರೋಲ್ ಹರಿವಿನ ಲೆಕ್ಕದ್ದಾದರೆ 104 ಬೇಕು. ನಿಮ್ಮ ಕಾರ್ಬುರೇಟರಿನದು ಯಾವ ಲೆಕ್ಕ ಅಂತ ಮನೆಯಲ್ಲೇ ತಿಳಿದುಕೊಂಡು ಹೋಗಿ. ಅಲ್ಲಿ ಇಳಿದ ಮೇಲೆ ಮೊದಲ ಪ್ರಾಕ್ಟೀಸಿಗೆ ದೊಡ್ಡ ಜೆಟ್ಟಿನಲ್ಲೇ ಇಳಿಯಲಿ, ಎರಡು ಲ್ಯಾಪ್ ಆದ ಕೂಡಲೇ ಪಿಟ್ಟಿಗೆ ಕರೆಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಚೊಕ್ಕವಾಗಿದ್ದು ಲ್ಯಾಂಬ್ಡಾ 0.85ಕ್ಕಿಂತ ಕೆಳಗಿದ್ದರೆ ಮಾತ್ರ ಒಂದು ಸೈಜ್ ಇಳಿಸಿ.